ಕಾಣುವ ಕಲೆ, ಕಾಣದ ಸವೆತ

ಮಗಳ ಮೇಲುಸಾಲಿನ ಮುಂದಿನ ನಾಲ್ಕು ಹಲ್ಲುಗಳ ಮೇಲೆ, ಲೋಟದ ತಳದಲ್ಲಿ ಒಣಗಿ ಅಂಟಿಕೊಂಡ ಡಿಕಾಕ್ಷನ್ನಿನಂಥ ಕಂದು ಕರೆ ಕಾಣಿಸಿಕೊಂಡಾಗ ನಾನು ಮಾಡಿದ ಮೊದಲ ಕೆಲಸವೆಂದರೆ ಅವಳನ್ನು ಬೈದದ್ದು. ಬೆಳಗಿನ ಐದೂವರೆಗೆ ಈಜುಕೊಳದಲ್ಲಿರಬೇಕೆಂಬ ಅವಸರದಲ್ಲಿ 14 ವರ್ಷದ ಹುಡುಗಿ ಹಲ್ಲುಜ್ಜುವ ಶಾಸ್ತ್ರವನ್ನು ಅರ್ಧಕ್ಕೇ ಮುಗಿಸುತ್ತಿದ್ದಾಳೆ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಅತ್ತೆಯವರು ದೋಷವನ್ನು ಕಾಫಿಯ ಮೇಲೆ ಹೊರಿಸಿದರು. ನಮ್ಮವರು, ಬೋರ್‌ವೆಲ್ ನೀರು ಇರಬೇಕು ಎಂದು ಹೇಳಿ ಪತ್ರಿಕೆಯೊಳಗೆ ಮುಖ ಮರೆಸಿಕೊಂಡರು. ಪಾಪ, ಅವಳು ಒಂದು ವಾರ ಕನ್ನಡಿಯ ಮುಂದೆ ನಿಂತು ಹಟಕ್ಕೆ ಬಿದ್ದವಳಂತೆ ಉಜ್ಜಿದಳು. ವಸಡಿನಲ್ಲಿ ರಕ್ತ ಬಂತು, ಕರೆ ಮಾತ್ರ ಹೋಗಲಿಲ್ಲ.

ಕೊನೆಗೆ ಮೈಸೂರಿನ ಸರಸ್ವತೀಪುರದಲ್ಲಿರುವ ಹಲ್ಲಿನ ವೈದ್ಯರ ಬಳಿಗೆ ಕರೆದುಕೊಂಡು ಹೋದೆ. ಆಕೆ ಬಾಯಿ ತೆರೆಸಿ, ಪುಟ್ಟ ಕನ್ನಡಿಯನ್ನು ಒಂದು ಸುತ್ತು ಆಡಿಸಿ, ಪೇಸ್ಟು ಯಾವುದು, ಎಷ್ಟು ಸಲ ಉಜ್ಜುತ್ತೀಯೆ ಎಂಬ ಪ್ರಶ್ನೆಗಳನ್ನೆಲ್ಲ ಬಿಟ್ಟು, “ಸ್ವಿಮ್ಮಿಂಗ್‌ಗೆ ಹೋಗ್ತೀಯಾ ಪುಟ್ಟಾ?” ಎಂದು ಕೇಳಿದರು. ಹೋಗುತ್ತೇನೆ ಎಂದಳು. ವಾರಕ್ಕೆ ಎಷ್ಟು ಗಂಟೆ ಎಂದರು. ದಿನಕ್ಕೆ ಎರಡು ಗಂಟೆಯಂತೆ ಆರು ದಿನ, ಒಟ್ಟು 12 ಗಂಟೆ ಎಂದಳು. ವೈದ್ಯರು ನನ್ನ ಕಡೆ ತಿರುಗಿ, ಇದು ಹಲ್ಲುಜ್ಜದೆ ಬಂದ ಕರೆಯಲ್ಲ, ಈಜಿನಿಂದ ಬಂದದ್ದು ಎಂದಾಗ, ಮಗಳು ಬಾಯಿ ತೆರೆದುಕೊಂಡೇ ನನ್ನತ್ತ ನೋಡಿದ ನೋಟವನ್ನು ನಾನು ಇಲ್ಲಿ ವರ್ಣಿಸಲಾರೆ.

ಆ ಕರೆಗೆ ಹಲ್ಲಿನ ವೈದ್ಯರು ಸ್ವಿಮ್ಮರ್ಸ್ ಕ್ಯಾಲ್ಕುಲಸ್ ಎನ್ನುತ್ತಾರೆ. ಈಜುಗಾರರ ಕಿಟ್ಟ ಎಂದು ನಾವು ಕರೆದುಕೊಳ್ಳಬಹುದು. ವಾರಕ್ಕೆ ಆರು ಗಂಟೆಗಿಂತ ಹೆಚ್ಚು ಹೊತ್ತು ಕೊಳದಲ್ಲಿ ಕಳೆಯುವವರಲ್ಲಿ, ಅದರಲ್ಲೂ ಸ್ಪರ್ಧೆಗಾಗಿ ಅಭ್ಯಾಸ ಮಾಡುವವರಲ್ಲಿ ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಪಿಎಚ್ ಎಂದರೆ ಹುಳಿ-ಕ್ಷಾರಗಳ ಅಳತೆ: 7ಕ್ಕಿಂತ ಕೆಳಗಿಳಿದಷ್ಟೂ ಆಮ್ಲ, ಮೇಲೇರಿದಷ್ಟೂ ಕ್ಷಾರ. ನಮ್ಮ ಜೊಲ್ಲಿನ ಪಿಎಚ್ ಸಾಮಾನ್ಯವಾಗಿ 7ರ ಆಸುಪಾಸಿನಲ್ಲಿರುತ್ತದೆ. ಕೊಳದ ನೀರಿಗೆ ಸೇರಿಸುವ ರಾಸಾಯನಿಕಗಳಿಂದಾಗಿ ಅದರ ಪಿಎಚ್ ಜೊಲ್ಲಿನದಕ್ಕಿಂತ ಮೇಲಿರುತ್ತದೆ, ಎಂದರೆ ನೀರು ಕ್ಷಾರದ ಕಡೆಗೆ ವಾಲಿರುತ್ತದೆ. ಈಜುವವರು ಉಸಿರಿಗಾಗಿ ಬಾಯಿ ತೆರೆದಾಗಲೆಲ್ಲ ಆ ನೀರು ಮುಂದಿನ ಹಲ್ಲುಗಳನ್ನು ತೊಯ್ಯಿಸುತ್ತದೆ. ಆಗ ಜೊಲ್ಲಿನಲ್ಲಿರುವ ಪ್ರೋಟೀನುಗಳು ಬೇಗ ಒಡೆದು ಹಲ್ಲಿನ ಮೇಲೆ ಪದರವಾಗಿ ಕೂರುತ್ತವೆ, ಕೂತದ್ದು ದಿನದಿಂದ ದಿನಕ್ಕೆ ಗಟ್ಟಿಯಾಗುತ್ತದೆ. ಮುಂದಿನ ಹಲ್ಲುಗಳಿಗೇ ಏಕೆ ಎಂಬ ನನ್ನ ಪ್ರಶ್ನೆಗೂ ಇದರಲ್ಲೇ ಉತ್ತರವಿತ್ತು. ನೀರು ಬಂದು ಬಡಿಯುವ ಹೊಸ್ತಿಲು ಅದೇ ತಾನೇ?

ಅರ್ಧ ಗಂಟೆಯ ಕ್ಲೀನಿಂಗಿನಲ್ಲಿ ಕರೆಯೆಲ್ಲ ಹೋಯಿತು. ಒಳಗಿನ ಹಲ್ಲು ಮೊದಲಿನ ಹಾಗೆಯೇ ಇತ್ತು, ಒಂದು ಗೆರೆಯಷ್ಟೂ ಕೆಟ್ಟಿರಲಿಲ್ಲ. ನನಗೆ ಆಗ ಪಾವಗಡದ ಕಡೆಯಿಂದ ನಮ್ಮ ಮನೆತನಕ್ಕೆ ಸೊಸೆಯಾಗಿ ಬಂದ ಚಿಕ್ಕಮ್ಮನ ನೆನಪಾಯಿತು. ಅವರ ಹಲ್ಲುಗಳಲ್ಲೂ ಕಂದು ಪಟ್ಟೆಗಳಿವೆ, ಆದರೆ ಅವು ಅಲ್ಲಿನ ಅಂತರ್ಜಲದ ಫ್ಲೋರೈಡು ಎಳವೆಯಲ್ಲಿ ಹಲ್ಲು ರೂಪುಗೊಳ್ಳುವ ಕಾಲಕ್ಕೇ ಒಳಗಿನಿಂದ ಬರೆದ ಪಟ್ಟೆಗಳು. ಎಷ್ಟು ಕ್ಲೀನಿಂಗ್ ಮಾಡಿಸಿದರೂ ಹೋಗುವಂಥವಲ್ಲ. ಈಜಿನ ಕರೆ ಹೊರಗಿನಿಂದ ಬಂದು ಮೇಲೆ ಕೂತದ್ದು. ನೋಡುವವರ ಕಣ್ಣಿಗೆ ಎರಡೂ ಒಂದೇ ಬಗೆಯ ಕೊಳಕು. ನೋಡುವವರಲ್ಲಿ ತಾಯಂದಿರೂ ಸೇರಿದ್ದಾರೆ ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಬರಹಕ್ಕೆ ಕೂರುತ್ತಿರಲಿಲ್ಲ. ಮಗಳು ಕುರ್ಚಿಯಿಂದ ಇಳಿದ ಮೇಲೆ ವೈದ್ಯರು, “ನೀವೂ ಒಂದ್ಸಲ ಕೂತ್ಕೊಳ್ಳಿ ಮೇಡಂ, ಬಂದಿದ್ದೀರಲ್ಲ” ಎಂದರು. ನನ್ನ ಹಲ್ಲುಗಳಲ್ಲಿ ಕರೆಯಿರಲಿಲ್ಲ. ಈ ವಯಸ್ಸಿನಲ್ಲೂ ಅವು ಬೆಳ್ಳಗೆ, ನುಣ್ಣಗೆ ಇವೆ ಎಂಬ ಸಣ್ಣ ಜಂಭವೂ ನನಗಿತ್ತು. ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆಯೇ ಎಂದು ಕೇಳಿದರು. ಹೌದು, ಎರಡು ವರ್ಷಗಳಿಂದ ಎಂದೆ. ಆಗ ಅವರು ನನ್ನ ಕೈಗೆ ಕನ್ನಡಿ ಕೊಟ್ಟು ತೋರಿಸಿದರು: ಮುಂದಿನ ಹಲ್ಲುಗಳ ಅಂಚು ತೆಳುವಾಗಿ, ಬೆಳಕಿಗೆ ಹಿಡಿದ ಮೇಣದ ಕಾಗದದಂತೆ ಪಾರದರ್ಶಕವಾಗಿದ್ದವು. ನಾನು ಮೆಚ್ಚಿಕೊಂಡಿದ್ದ ಆ ನುಣುಪೇ ಸವೆತದ ಗುರುತಾಗಿತ್ತು. ಮೇಲಿನ ಕವಚ ಕರಗಿದೆ, ಹೋದದ್ದು ಮತ್ತೆ ಬರುವುದಿಲ್ಲ ಎಂದರು.

ಹಲ್ಲಿನ ಹೊರಕವಚವಾದ ಎನಾಮಲ್ ನಮ್ಮ ದೇಹದಲ್ಲಿಯೇ ಅತ್ಯಂತ ಗಟ್ಟಿಯಾದ ವಸ್ತು. ತೂಕದಲ್ಲಿ ಅದರ ನೂರಕ್ಕೆ ಸುಮಾರು 96 ಪಾಲು ಖನಿಜ. ಆದರೆ ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಹೊರಬರುವ ಹೊತ್ತಿಗೇ ಇಲ್ಲವಾಗಿರುತ್ತವೆ. ಮೂಳೆ ಮುರಿದರೆ ಕೂಡುತ್ತದೆ, ಚರ್ಮ ಹರಿದರೆ ಬೆಸೆಯುತ್ತದೆ, ಎನಾಮಲ್ಲಿಗೆ ಮಾತ್ರ ಕೆಲಸಗಾರರೇ ಇಲ್ಲ. ನಾನು ಚಿಕ್ಕವಳಿದ್ದಾಗ ನಮ್ಮೂರಿನ ಬೀದಿಗೆ ಕಲಾಯಿಯವನು ಬರುತ್ತಿದ್ದ. ಹಿತ್ತಾಳೆ ಪಾತ್ರೆಯೊಳಗಿನ ಕಲಾಯಿ ಸವೆದರೆ ಹುಳಿ ಹಾಕಿದ ಸಾರು ಕಿಲುಬುತ್ತದೆ ಎಂದು ಅವ್ವ ಪಾತ್ರೆಗಳನ್ನು ಅವನ ಮುಂದೆ ರಾಶಿ ಹಾಕುತ್ತಿದ್ದಳು. ಅವನು ತಿದಿಯೊತ್ತಿ, ನವಸಾಗರ ಉಜ್ಜಿ, ತವರವನ್ನು ಬಟ್ಟೆಯಿಂದ ಬಳಿದು ಪಾತ್ರೆಯನ್ನು ಹೊಸದು ಮಾಡಿಕೊಡುತ್ತಿದ್ದ. ಎನಾಮಲ್ ಎಂದರೆ ಹುಟ್ಟಾ ಬಂದ ಕಲಾಯಿ, ಆದರೆ ಎರಡನೆಯ ಸಲ ಹಾಕಿಕೊಡುವ ಕಲಾಯಿಯವನಿಲ್ಲ. ಸವೆದಲ್ಲಿ ಕೆಳಗಿನ ಡೆಂಟಿನ್ ಎಂಬ ಪದರ ಬಯಲಾಗುತ್ತದೆ. ಅದರೊಳಗಿನ ಸೂಜಿಮೊನೆಗಿಂತ ಸಣ್ಣ ನಾಳಗಳಲ್ಲಿರುವ ದ್ರವವು ಬಿಸಿಗೋ ತಂಪಿಗೋ ಅಲುಗಿದಾಗ ಒಳಗಿನ ನರ ಎಚ್ಚರಗೊಳ್ಳುತ್ತದೆ. ಜುಮ್ಮೆನ್ನುವುದು ಅದೇ.

ಆಮ್ಲದಲ್ಲಿ ಎನಾಮಲ್ ಕರಗುತ್ತದೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಅದು ಖನಿಜವನ್ನು ಬಿಟ್ಟುಕೊಡಲು ಆರಂಭಿಸುತ್ತದೆ ಎಂದು ಹೇಳುವುದು ವಾಡಿಕೆ. ಆದರೆ ಆ ಸಂಖ್ಯೆ ಜೊಲ್ಲು ಇರುವ ಬಾಯಿಗೆ ಸಂಬಂಧಿಸಿದ್ದು. ಜೊಲ್ಲಿನಲ್ಲಿ ಕ್ಯಾಲ್ಸಿಯಮ್ಮೂ ಫಾಸ್ಫೇಟೂ ಕರಗಿಕೊಂಡಿರುವುದರಿಂದ ಹಲ್ಲಿನಿಂದ ಅವು ಹೊರಬರಲು ಅಷ್ಟು ಅವಸರ ಪಡುವುದಿಲ್ಲ; ಬರೀ ನೀರಿಗೆ ಆ ಸಂಖ್ಯೆಯನ್ನು ಹಾಗೆಯೇ ಅನ್ವಯಿಸುವಂತಿಲ್ಲ. ಆದರೂ ಸರಿಯಾಗಿ ನೋಡಿಕೊಳ್ಳುವ ಈಜುಕೊಳದ ನೀರಿನ ಪಿಎಚ್ 7.2ರಿಂದ 7.8ರ ನಡುವೆ ಇರಬೇಕು ಎಂಬುದು ಸಾಮಾನ್ಯ ಸಲಹೆ. ಅಂಥ ನೀರು ಎನಾಮಲ್ಲನ್ನು ಕರಗಿಸುವುದಿಲ್ಲ. ಹಾಗಿದ್ದರೆ, ಆಮ್ಲವನ್ನು ಪ್ರತ್ಯೇಕವಾಗಿ ಬೆರೆಸದೆಯೇ ಅದು ಕೊಳದೊಳಗೆ ಹೇಗೆ ಹುಟ್ಟುತ್ತದೆ ಎಂಬುದು ನನ್ನ ಕುತೂಹಲವಾಗಿತ್ತು.

ಕ್ಲೋರಿನ್ ಎಂದ ಕೂಡಲೇ ನಾವು ಒಂದೇ ವಸ್ತುವನ್ನು ಊಹಿಸಿಕೊಳ್ಳುತ್ತೇವೆ. ಕೊಳಕ್ಕೆ ಅದು ಹಲವು ರೂಪಗಳಲ್ಲಿ ಬರುತ್ತದೆ, ಒಂದೊಂದರ ಸ್ವಭಾವ ಒಂದೊಂದು ಬಗೆ. ಪಂಚಾಯಿತಿಯವರು ಬಾವಿಗೆ ಹಾಕುತ್ತಿದ್ದ ಬ್ಲೀಚಿಂಗ್ ಪೌಡರು ಮತ್ತು ಕ್ಯಾನುಗಳಲ್ಲಿ ಬರುವ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ನೀರನ್ನು ಕ್ಷಾರದ ಕಡೆಗೆ ಎಳೆಯುತ್ತವೆ. ಸಿಲಿಂಡರಿನಿಂದ ಬಿಡುವ ಕ್ಲೋರಿನ್ ಅನಿಲ ಹಾಗಲ್ಲ; ನೀರಿನೊಡನೆ ಸೇರಿದಾಗ ಅದು ಕ್ರಿಮಿಗಳನ್ನು ಕೊಲ್ಲುವ ಹೈಪೋಕ್ಲೋರಸ್ ಆಮ್ಲವಾಗುವುದರ ಜೊತೆಗೆ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಹುಟ್ಟಿಸುತ್ತದೆ. ಹೈಡ್ರೋಕ್ಲೋರಿಕ್ ಆಮ್ಲವೆಂದರೆ ಬಚ್ಚಲು ತೊಳೆಯಲು ತರುವ ಆ್ಯಸಿಡ್‌ನ ಜಾತಿಯದೇ. ನಿಧಾನವಾಗಿ ಕರಗುವ ಟ್ರೈಕ್ಲೋರ್ ಎಂಬ ಕ್ಲೋರಿನ್ ಬಿಲ್ಲೆಗಳೂ ಆಮ್ಲದ ಕಡೆಯವೇ. ಇವನ್ನು ಬಳಸುವಲ್ಲಿ ಸೋಡಾ ಆ್ಯಶ್ ಎಂಬ ಕ್ಷಾರದ ಪುಡಿ ಹಾಕಿ ಸರಿದೂಗಿಸುತ್ತಿರಬೇಕು. ಹಾಕುವವನು ಮರೆತರೆ, ಇಲ್ಲವೇ ಉಳಿತಾಯದ ಲೆಕ್ಕ ಹಾಕಿದರೆ, ನೀರು ತಿಳಿಯಾಗಿಯೇ ಇದ್ದು ದಿನೇ ದಿನೇ ಹುಳಿಯಾಗುತ್ತ ಹೋಗುತ್ತದೆ. ಹುಳಿಯಾದ ನೀರು ಪಾಚಿಗಟ್ಟಿದ ನೀರಿಗಿಂತ ನೋಡಲು ಎಷ್ಟೋ ಸುಂದರ.

ಇದಕ್ಕೆ ಬಲವಾದ ಸಾಕ್ಷ್ಯ ಸಿಕ್ಕಿದ್ದು ಅಮೆರಿಕದ ವರ್ಜೀನಿಯಾ ರಾಜ್ಯದ ಶಾರ್ಲಟ್ಸ್‌ವಿಲ್ ಎಂಬ ಊರಿನಲ್ಲಿ. ಅಲ್ಲಿನ ಈಜುಗಾರರ ಹಲ್ಲುಗಳು ಕಾರಣವಿಲ್ಲದೆ ಕರಗುತ್ತಿವೆ ಎಂದು ಅನುಮಾನ ಬಂದು, ಅವರೆಲ್ಲ ಈಜುತ್ತಿದ್ದ ಕ್ಲಬ್ಬಿನ 747 ಮಂದಿಯನ್ನು ವಿಚಾರಿಸಲಾಯಿತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 1983ರಲ್ಲಿ ಅದರ ವರದಿ ಪ್ರಕಟಿಸಿತು. ಎನಾಮಲ್ ಸವೆತಕ್ಕೆ ಹೊಂದುವ ತೊಂದರೆಗಳನ್ನು ಹೇಳಿಕೊಂಡವರು ಈಜದ ಸದಸ್ಯರಲ್ಲಿ ಶೇಕಡಾ 3, ಹವ್ಯಾಸಕ್ಕೆ ಈಜುವವರಲ್ಲಿ ಶೇಕಡಾ 12, ಸ್ಪರ್ಧಾತಂಡದವರಲ್ಲಿ ಶೇಕಡಾ 39. ಕೊಳಕ್ಕೆ ಅನಿಲರೂಪದ ಕ್ಲೋರಿನ್ ಬಳಸುತ್ತಿದ್ದರು. ನೀರಿನ ಪಿಎಚ್ ಅಳೆದಾಗ 2.7 ಇತ್ತು. ಪಿಎಚ್ ಎಂಬುದು ಮೆಟ್ಟಿಲಿಗೆ ಹತ್ತುಪಟ್ಟು ಏರುವ ಲೆಕ್ಕವಾದ್ದರಿಂದ, ಆ ನೀರಿನಲ್ಲಿ ಇರಬೇಕಾದದ್ದಕ್ಕಿಂತ ಸುಮಾರು ಒಂದು ಲಕ್ಷ ಪಟ್ಟು ಹೆಚ್ಚು ಆಮ್ಲವಿತ್ತು. ನಿಂಬೆರಸಕ್ಕೆ ಹತ್ತಿರವಾದ ಹುಳಿಯಲ್ಲಿ ಮಕ್ಕಳು ಗಂಟೆಗಟ್ಟಲೆ ಮುಳುಗೇಳುತ್ತಿದ್ದರು ಎಂದರೂ ಅತಿಶಯೋಕ್ತಿಯಾಗದು. ನನ್ನನ್ನು ಹೆಚ್ಚು ಕಾಡಿದ್ದು ಶೇಕಡಾ 3ರಿಂದ 39ಕ್ಕೆ ಏರಿದ ಆ ಏಣಿ. ನೀರಿನಲ್ಲಿ ಹೆಚ್ಚು ಹೊತ್ತು ಇದ್ದು, ಹೆಚ್ಚು ಶ್ರದ್ಧೆಯಿಂದ ಈಜಿದವರೇ ಹೆಚ್ಚು ಕಳೆದುಕೊಂಡಿದ್ದರು.

ಇನ್ನು ನನ್ನ ವಿಚಾರ. ನಾನು ಹುಟ್ಟಿದ್ದು ಮಂಡ್ಯದ ಕಡೆಯ ಒಂದು ಹಳ್ಳಿಯಲ್ಲಿ. ಅಣ್ಣ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತ. ಹೆಣ್ಣುಮಕ್ಕಳಾದ ನಾವು ಬಾವಿಕಟ್ಟೆಯ ಮೇಲೆ ನಿಂತು ಅವನ ಬಟ್ಟೆ ಕಾದೆವು. ಆ ಹೊಟ್ಟೆಕಿಚ್ಚನ್ನು ತೀರಿಸಿಕೊಳ್ಳಲು ನಾನು ನಲವತ್ತೆರಡನೆಯ ವಯಸ್ಸಿನಲ್ಲಿ, ಮೈಸೂರಿನ ಒಂದು ಖಾಸಗಿ ಕೊಳದ ಹೆಂಗಸರ ಬ್ಯಾಚಿಗೆ ಸೇರಿದೆ. ನೀರು ಎಷ್ಟು ತಿಳಿಯಾಗಿತ್ತೆಂದರೆ ತಳದ ಟೈಲ್ಸಿನ ಗೆರೆಗಳನ್ನು ಎಣಿಸಬಹುದಿತ್ತು. ಕಣ್ಣು ಮಾತ್ರ ಉರಿಯುತ್ತಿತ್ತು, ಎರಡೇ ತಿಂಗಳಲ್ಲಿ ಈಜುಡುಗೆಯ ಬಣ್ಣ ಹೋಯಿತು, ಇಳಿಯುವ ಏಣಿಯ ಕಂಬಿಗಳು ತುಕ್ಕು ಹಿಡಿದಿದ್ದವು, ಟೈಲ್ಸಿನ ನಡುವಿನ ಸಿಮೆಂಟು ಬೆರಳಿಗೆ ಉದುರುತ್ತಿತ್ತು. ಇವೆಲ್ಲವೂ ನೀರು ಆಮ್ಲವಾಗಿರುವುದರ ಲಕ್ಷಣಗಳೆಂದು ಇಂದು ಗೊತ್ತು. ಅಂದು ನಾವೆಲ್ಲ, ಕ್ಲೋರಿನ್ ಜೋರಾಗಿ ಹಾಕಿದ್ದಾರೆ, ಶುದ್ಧವಾಗಿ ಇಟ್ಟುಕೊಂಡಿದ್ದಾರೆ ಎಂದು ಮೆಚ್ಚಿಕೊಂಡೆವು. ನೀರನ್ನು ಯಾವಾಗ ಪರೀಕ್ಷಿಸುತ್ತೀರಿ ಎಂದು ಒಮ್ಮೆ ಒಬ್ಬರು ಕೇಳಿದ್ದಕ್ಕೆ, ನೋಡಿದರೆ ಗೊತ್ತಾಗಲ್ಲವಾ ಎಂಬ ಉತ್ತರ ಬಂದಿತ್ತು.

ಅಂದಹಾಗೆ, ಕೊಳದ ಬಳಿ ಮೂಗಿಗೆ ಅಡರುವ ಆ ಘಾಟು ಕ್ಲೋರಿನ್ ಹೆಚ್ಚಾದದ್ದರ ಗುರುತೂ ಅಲ್ಲ. ಕ್ಲೋರಿನ್ನು ಬೆವರು ಮತ್ತು ಮೂತ್ರದೊಡನೆ ಸೇರಿ ಹುಟ್ಟುವ ಕ್ಲೋರಮಿನುಗಳ ವಾಸನೆ ಅದು. ಈಜುವ ಮುನ್ನ ಸ್ನಾನ ಮಾಡಿ ಎಂಬ ಫಲಕ ಸುಮ್ಮನೆ ನೇತುಹಾಕಿದ್ದಲ್ಲ.

ಆ ಕೊಳವೇ ನನ್ನ ಹಲ್ಲನ್ನು ಕರಗಿಸಿತು ಎಂದು ಆಣೆಯಿಟ್ಟು ಹೇಳಲು ಮಾತ್ರ ನನ್ನಿಂದಾಗದು. ಏಕೆಂದರೆ ವೈದ್ಯರ ಮುಂದಿನ ಪ್ರಶ್ನೆ, ಬೆಳಗ್ಗೆ ಎದ್ದು ಏನು ಕುಡಿಯುತ್ತೀರಿ ಎಂಬುದಾಗಿತ್ತು. ತೂಕ ಇಳಿಯಲಿ ಎಂದು ಬರೀ ಹೊಟ್ಟೆಗೆ ಬಿಸಿನೀರಿನಲ್ಲಿ ನಿಂಬೆರಸ, ಜೇನು. ಕೊಳದಿಂದ ಹೊರಬಂದ ಮೇಲೆ ಗೆಳತಿಯರೆಲ್ಲ ಸೇರಿ ಗೇಟಿನ ಬಳಿಯ ಗಾಡಿಯಲ್ಲಿ ನಿಂಬೆ ಸೋಡಾ, ಇಲ್ಲವೇ ಶುಂಠಿ ನಿಂಬೆ ಹಿಂಡಿದ ಕಬ್ಬಿನ ಹಾಲು. ಮಂಡ್ಯದವಳಿಗೆ ಕಬ್ಬಿನ ಹಾಲು ಬೇಡವೆನ್ನುವ ಧೈರ್ಯ ಎಲ್ಲಿಂದ ಬರಬೇಕು! ಒಂದು ಗಂಟೆ ಬಾಯಲ್ಲಿ ಉಸಿರಾಡಿ ಈಜಿದವರ ಬಾಯಿ ಒಣಗಿರುತ್ತದೆ, ಜೊಲ್ಲು ಕಡಿಮೆಯಾಗಿರುತ್ತದೆ. ಆಮ್ಲವನ್ನು ತೊಳೆದು, ತಣಿಸಿ, ಹಲ್ಲು ಕಳೆದುಕೊಂಡ ಖನಿಜವನ್ನು ತಕ್ಕಮಟ್ಟಿಗೆ ಮರಳಿಸುವ ಕೆಲಸ ಜೊಲ್ಲಿನದು. ಅದು ದಣಿದಿರುವ ಹೊತ್ತಿಗೇ ನಾವು ಹುಳಿಯನ್ನೂ ಸಕ್ಕರೆಯನ್ನೂ ಸುರಿಯುತ್ತೇವೆ. ಹುಳಿ ನೇರವಾಗಿ ಕರಗಿಸುತ್ತದೆ. ಸಕ್ಕರೆಯನ್ನು ಬಾಯಿಯ ಬ್ಯಾಕ್ಟೀರಿಯಾಗಳು ತಿಂದು ಆಮ್ಲ ಮಾಡುತ್ತವೆ, ಅದರಿಂದ ಹುಳುಕು. ಮಕ್ಕಳು ಬಾಟಲಿಯಲ್ಲಿ ತರುವ ಬಣ್ಣಬಣ್ಣದ ಸ್ಪೋರ್ಟ್ಸ್ ಡ್ರಿಂಕುಗಳಲ್ಲಿ ಬಹುಪಾಲಿನವು ಇವೆರಡನ್ನೂ ಒಟ್ಟಿಗೆ ಮಾಡಬಲ್ಲವು.

ನಾನು ಇದರ ಮೇಲೆ ಇನ್ನೊಂದು ತಪ್ಪನ್ನೂ ಮಾಡುತ್ತಿದ್ದೆ. ಕೊಳದ ನೀರು ಬಾಯಿಗೆ ಹೋಗಿದೆ ಎಂಬ ಮಡಿವಂತಿಕೆಯಿಂದ ಮನೆಗೆ ಬಂದ ತಕ್ಷಣ ಬ್ರಷ್ ಹಿಡಿದು ಗಸಗಸ ಉಜ್ಜುತ್ತಿದ್ದೆ. ಆಮ್ಲ ತಾಗಿದ ಎನಾಮಲ್ಲಿನ ಮೇಲ್ಪದರ ಸ್ವಲ್ಪ ಹೊತ್ತು ಮೆತ್ತಗಾಗಿರುತ್ತದೆ. ಆ ಗಳಿಗೆಯಲ್ಲಿ ಉಜ್ಜಿದರೆ ಗಟ್ಟಿಯಾಗಬಹುದಾಗಿದ್ದ ಪದರವೂ ಬ್ರಷ್ಷಿನೊಡನೆ ಹೋಗಿಬಿಡುತ್ತದೆ. ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆಯೋ ಒಂದು ಗಂಟೆಯೋ ಬಿಟ್ಟು, ಮೆತ್ತನೆಯ ಬ್ರಷ್ಷಿನಿಂದ ಫ್ಲೋರೈಡ್ ಇರುವ ಪೇಸ್ಟಿನಲ್ಲಿ ಉಜ್ಜಬೇಕೆಂದು ವೈದ್ಯರು ಹೇಳಿದರು. ಮಗಳಿಗೆ ಆರು ತಿಂಗಳಿಗೊಮ್ಮೆ ಕ್ಲೀನಿಂಗ್, ನನಗೆ ಜುಮ್ಮೆನ್ನುವುದಕ್ಕೆ ಒಂದು ಪೇಸ್ಟು, ಹಲ್ಲಿನ ಮೇಲೆ ಬಳಿದ ಫ್ಲೋರೈಡ್ ವಾರ್ನಿಷ್. ನಿಂಬೆ ನೀರನ್ನು ನಾನೇ ಬಿಟ್ಟೆ. ತೂಕ ಇಳಿದೂ ಇರಲಿಲ್ಲ.

ಆ ಮೇಲೆ ಮಗಳು ಈಜುವ ಕೊಳದಲ್ಲಿ ಒಂದು ದಿನ ನೀರಿನ ಉಸ್ತುವಾರಿಯವರನ್ನು ಕಂಡು, ಸಂಕೋಚದಿಂದಲೇ ಪಿಎಚ್ ಬಗ್ಗೆ ಕೇಳಿದೆ. ಬೇಸರಿಸಿಕೊಳ್ಳಬಹುದೆಂಬ ನನ್ನ ನಿರೀಕ್ಷೆಯನ್ನು ಸುಳ್ಳುಮಾಡಿ ಅವರು ಉತ್ಸಾಹದಿಂದ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ತಂದು ತೋರಿಸಿದರು. ಎರಡು ಕೊಳವೆಗಳಲ್ಲಿ ಕೊಳದ ನೀರು ತುಂಬಿ, ಒಂದಕ್ಕೆ ಕ್ಲೋರಿನ್ ನೋಡುವ ಹನಿ, ಇನ್ನೊಂದಕ್ಕೆ ಫಿನಾಲ್ ರೆಡ್ ಹನಿ ಹಾಕಿದರು. ಫಿನಾಲ್ ರೆಡ್ ಆಮ್ಲದ ನೀರಿನಲ್ಲಿ ಹಳದಿಯಾಗುತ್ತದೆ, ಕ್ಷಾರ ಹೆಚ್ಚಿದಂತೆ ಕಿತ್ತಳೆಗೆ ತಿರುಗಿ ಕೆಂಪಾಗುತ್ತದೆ. ಅಂದಿನ ಬಣ್ಣ ಪಟ್ಟಿಯಲ್ಲಿ 7.8ಕ್ಕೆ ಹೊಂದಿತು. “ನಾವು ಲಿಕ್ವಿಡ್ ಕ್ಲೋರಿನ್ ಹಾಕೋದಮ್ಮ, ಅದು ಮೇಲಕ್ಕೇ ಎಳೆಯುತ್ತೆ, ದಿನಾ ಎರಡು ಸಲ ನೋಡ್ತೀನಿ” ಎಂದರು. ಮಗಳ ಹಲ್ಲಿನ ಕರೆಗೆ ಕಾರಣವಾದ ನೀರು, ಅವಳ ಹಲ್ಲನ್ನು ಕರಗಿಸದ ನೀರೂ ಆಗಿತ್ತು. ಆ ಕೊಳವೆ ಹಿಡಿದ ಮನುಷ್ಯ ದಿನಕ್ಕೆರಡು ಸಲ ಮಾಡುವ ಐದು ನಿಮಿಷದ ಕೆಲಸ, ನಾವು ಮನೆಯಲ್ಲಿ ಮಾಡುವ ಎಲ್ಲ ಉಜ್ಜಾಟಕ್ಕಿಂತ ದೊಡ್ಡದೆಂದು ನನಗೆ ಅನ್ನಿಸಿತು. ಕೊಳಕ್ಕೆ ಸೇರುವಾಗ ನಾವು ಫೀಸು, ಬ್ಯಾಚಿನ ಹೊತ್ತು, ಕೋಚು ಯಾರು ಎಂದು ಕೇಳುತ್ತೇವೆ. ಆ ಡಬ್ಬಿ ಎಲ್ಲಿದೆ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಬಾವಿಯೇ ಮೇಲು ಎನ್ನುವವರಿದ್ದಾರೆ. ಅವರಿಗೆ ನನ್ನ ಅಣ್ಣನ ಮುಂದಿನ ಹಲ್ಲನ್ನು ತೋರಿಸಬೇಕು. ಹನ್ನೆರಡನೆಯ ವಯಸ್ಸಿನಲ್ಲಿ ಕಟ್ಟೆಯಿಂದ ಹಾರಿದಾಗ ಬಾವಿಯ ಮೆಟ್ಟಿಲುಗಲ್ಲಿಗೆ ಬಾಯಿ ಬಡಿದು ಅದು ಬುಡಸಮೇತ ಉದುರಿತು. ಅವ್ವ ಅದನ್ನು ಸೆರಗಿನಲ್ಲಿ ಉಜ್ಜಿ, ಒರೆಸಿ, ಹೊಳೆಯುವ ಹಾಗೆ ಮಾಡಿ ಅರಿಶಿನದ ಬಟ್ಟೆಯಲ್ಲಿ ಕಟ್ಟಿಟ್ಟಳು. ಬುಡದ ಮೇಲಿರುವ ತೆಳು ಪೊರೆ ಜೀವಂತವಾಗಿದ್ದರೆ ಮಾತ್ರ ಬಿದ್ದ ಹಲ್ಲು ಮತ್ತೆ ಕೂರುತ್ತದೆ, ಉಜ್ಜಿದರೆ ಅದು ಸಾಯುತ್ತದೆ ಎಂಬುದು ಆಕೆಗೆ ಹೇಗೆ ಗೊತ್ತಿರಬೇಕು? ಕೊಳದ ಬದಿಯ ಜಾರು ನೆಲವೂ ಇದೇ ಕೆಲಸ ಮಾಡುತ್ತದೆಯಾದ್ದರಿಂದ ಇದನ್ನು ಹೇಳಿಯೇ ಮುಂದೆ ಹೋಗುತ್ತೇನೆ: ಹಾಲುಹಲ್ಲಲ್ಲದ ಹಲ್ಲು ಬಿದ್ದರೆ ಬುಡವನ್ನು ಮುಟ್ಟದೆ ಬಿಳಿಯ ತುದಿಯನ್ನು ಹಿಡಿದು, ಕೊಳೆಯಾಗಿದ್ದರೆ ಒಂದಿಷ್ಟು ನೀರಿನಲ್ಲಿ ಅದ್ದಿ, ಬಿದ್ದ ಜಾಗದಲ್ಲೇ ಕೂರಿಸಿಕೊಳ್ಳಬೇಕು, ಆಗದಿದ್ದರೆ ಹಾಲಿನಲ್ಲಿ ಮುಳುಗಿಸಿ, ಅರ್ಧ ಗಂಟೆಯೊಳಗೆ, ಹೆಚ್ಚೆಂದರೆ ಒಂದು ಗಂಟೆಯೊಳಗೆ, ವೈದ್ಯರ ಮುಂದಿರಬೇಕು. ಎರಡು ಎಮ್ಮೆ ಕಟ್ಟಿದ್ದ ನಮ್ಮ ಮನೆಯಲ್ಲಿ ಅಂದು ಹಾಲಿಗೆ ಬರವಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಮಗಳು ಒಂದು ಪರೀಕ್ಷೆಯ ಡಬ್ಬಿಯನ್ನು ಜೊತೆಗೆ ತಂದಿದ್ದಳು. ತನ್ನ ಕೂಡಿಟ್ಟ ಹಣದಲ್ಲಿ ತರಿಸಿಕೊಂಡದ್ದಂತೆ. ತೋಟದ ಬಾವಿಯ ಮೆಟ್ಟಿಲಿಳಿದು, ಕೊಳವೆಗೆ ನೀರು ತುಂಬಿ, ಐದು ಹನಿ ಎಣಿಸಿ ಹಾಕಿ, ಬಿಸಿಲಿಗೆ ಎತ್ತಿ ಹಿಡಿದು ನೋಡುತ್ತ ಕುಳಿತಳು. ಅಣ್ಣ ಮೇಲಿನಿಂದ ಬಗ್ಗಿ, ಕಟ್ಟಿಸಿದ ಹಲ್ಲು ಬಿಟ್ಟು ನಗುತ್ತ, “ಏನವ್ವಾ, ಬಾವಿಗೂ ಜ್ವರ ನೋಡ್ತಾ ಇದ್ದೀಯಾ?” ಎಂದು ಕೇಳಿದ. ಕಿತ್ತಳೆಗೂ ಕೆಂಪಿಗೂ ನಡುವಿನ ಬಣ್ಣ ಬಂದಿತ್ತು. “ಪರವಾಗಿಲ್ಲ ಮಾವ, ಇಳೀಬಹುದು, ಆದರೆ ಮೆಟ್ಟಿಲ ಕಡೆಯಿಂದ ಹಾರಬೇಡಿ” ಎಂದಳು. ಅವನು ಪಂಚೆ ಎತ್ತಿ ಕಟ್ಟಿ, ಸುತ್ತು ಹಾಕಿಕೊಂಡು ಬಾವಿಯ ಆಚೆಯ ಬದಿಗೆ ನಡೆದ.